ಬಚ್ಚಿಟ್ಟ ಗಂಟು

1997ರಲ್ಲಿ ನೈಜೀರಿಯಾದ ಬೆಟ್ಟಿ ಅನ್ಯಾನ್ವು-ಅಕೆರೆಡೊಲು ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಮೀನು ಸಾಕಣೆ ಓದಿದ್ದ ಅವರು ವೈದ್ಯೆಯೇನಲ್ಲ. ಆದರೂ ತಮ್ಮ ರೋಗದ ಹೆಸರನ್ನು ಬಹಿರಂಗವಾಗಿ ಹೇಳಿಕೊಂಡರು; ಅದೇ ವರ್ಷ ನೈಜೀರಿಯಾ ಸ್ತನ ಕ್ಯಾನ್ಸರ್ ಸಂಘ ಕಟ್ಟಿದರು.

ಇದರಲ್ಲೇನು ಸಾಹಸ ಎನ್ನಿಸಬಹುದು. ಎದೆಯಲ್ಲಿ ಗಂಟು ಕಂಡರೆ ಮಾಟವೆಂದು ಬಗೆಯುವುದು, ಸ್ತನ ತೆಗೆಸಿಕೊಂಡರೆ ಗಂಡ ಬಿಟ್ಟಾನೆಂದು ಹೆದರುವುದು ಆಫ್ರಿಕಾದ ಹಲವೆಡೆ ಈಗಲೂ ಇದೆ. ಗಂಟನ್ನು ಬಚ್ಚಿಟ್ಟುಕೊಂಡವರು ನಾಟಿ ವೈದ್ಯರ ಬಳಿಗೋ ಪ್ರಾರ್ಥನೆಗೋ ಅಲೆದು, ಅದು ಹುಣ್ಣಾದ ಮೇಲೆ ಆಸ್ಪತ್ರೆ ಸೇರುತ್ತಾರೆ. ಹಾಗೆಂದು ಹೆಂಗಸರ ಹೆದರಿಕೆಯೊಂದನ್ನೇ ದೂರಿದರೆ ಅನ್ಯಾಯವಾದೀತು. ಆಸ್ಪತ್ರೆ ದೂರ, ಚಿಕಿತ್ಸೆಯ ಹಣವನ್ನು ಬಹುಪಾಲು ಮನೆಯವರೇ ಹೊಂದಿಸಬೇಕು.

ನೈಜೀರಿಯಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಉಗಾಂಡಾ, ಜಾಂಬಿಯಾಗಳಲ್ಲಿ 2014-17ರ ಅವಧಿಯಲ್ಲಿ ರೋಗ ಪತ್ತೆಯಾದ 2,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ ನಡೆಯಿತು. ಮೂರು ವರ್ಷ ಬದುಕುಳಿದವರು ಅರ್ಧದಷ್ಟು ಮಾತ್ರ. ನಮೀಬಿಯಾದ ಬಿಳಿಯ ಮಹಿಳೆಯರಲ್ಲಿ ಈ ಪ್ರಮಾಣ ಶೇ 90, ಕಪ್ಪು ಮಹಿಳೆಯರಲ್ಲಿ ಶೇ 56. ರೋಗ ಒಂದೇ, ದೇಶವೂ ಒಂದೇ!

ಈ ಅಂತರವನ್ನು ಸಂಘಗಳಷ್ಟೇ ತುಂಬಲಾರವು. ಆದರೆ ಕ್ಯಾನ್ಸರ್ ಎಂದರೆ ಸಾವೇ ಎಂದು ನಂಬಿದವಳಿಗೆ, ಅದೇ ಶಸ್ತ್ರಚಿಕಿತ್ಸೆಯಾಗಿ ಬದುಕಿರುವ ಇನ್ನೊಬ್ಬಳು ಎದುರಿಗೆ ಬಂದು ನಿಲ್ಲುವುದು ಕರಪತ್ರ ಹಂಚಿದಂತಲ್ಲ. 2017ರಲ್ಲಿ ಪತಿ ಒಂಡೊ ರಾಜ್ಯದ ಗವರ್ನರ್ ಆದಾಗ, ಬೆಟ್ಟಿ ಅವರಿಗೆ ರೋಗ ಪತ್ತೆಯಾಗಿ 20 ವರ್ಷ ಕಳೆದಿತ್ತು. ಉಗಾಂಡಾದಲ್ಲೂ ಈ ರೋಗ ಗೆದ್ದ ಮಹಿಳೆಯರು 2004ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡು, ಹೊಸ ರೋಗಿಗಳ ಜೊತೆ ಮಾತಿಗೆ ಕುಳಿತರು.