ಕಾಣದ ತಂತಿಯ ಕಥೆ

“ಸಾರ್, ನಿಮ್ಮ ತೆಂಗಿನ ಗರಿ ನಮ್ಮ ಲೈನಿಗೆ ಅಡ್ಡ ಬರ್ತಿದೆ. ಎರಡು ಗರಿ ಕಡಿಸಿಕೊಡಬೇಕು.”

“ಎಲ್ಲಿದೆಯಪ್ಪಾ ನಿನ್ನ ಲೈನು?”

“ಅದು ಕಾಣಲ್ಲ ಸಾರ್.”

ರಾಜಾಜಿನಗರದ ನಮ್ಮ ಬೀದಿಯಲ್ಲಿ ಒಬ್ಬ ವ್ಯಾಪಾರಿಯ ಕಚೇರಿ ಈ ಬದಿಗೆ, ಉಗ್ರಾಣ ಆ ಬದಿಗೆ. ಎರಡರೊಳಗೂ ಕಂಪ್ಯೂಟರುಗಳಿವೆ, ಆಯಾ ಕಟ್ಟಡದೊಳಗೆ ಅವನ್ನು ತಂತಿಯಿಂದ ಹೆಣೆದಿದ್ದಾರೆ. ನಡುವೆ ರಸ್ತೆ. ಅದನ್ನು ಅಗೆಯಲು ಅಪ್ಪಣೆ ಪಡೆಯುವುದಕ್ಕಿಂತ ಆಕಾಶವನ್ನು ನಂಬುವುದೇ ಸುಲಭವೆಂದು, ಎರಡು ತಾರಸಿಗಳ ಮೇಲೂ ಊಟದ ಡಬ್ಬಿಯಷ್ಟು ದೊಡ್ಡ ಬಿಳಿಯ ಪೆಟ್ಟಿಗೆಗಳನ್ನು ಮುಖಾಮುಖಿಯಾಗಿ ನಿಲ್ಲಿಸಿದ್ದಾರೆ. ಇಲ್ಲಿಯ ತಂತಿಯ ಮಾತು ರೇಡಿಯೋ ಅಲೆಯಾಗಿ ಹಾರಿ ಅಲ್ಲಿಯ ತಂತಿಗೆ ಇಳಿಯುತ್ತದೆ. ಮಳೆಯಲ್ಲಿ ನೆನೆದ ಗರಿ ಮಾತ್ರ ನಡುವೆ ಬರಕೂಡದು. ಅದರ ನೀರು ಅಲೆಗಳನ್ನು ಹೀರಿಕೊಂಡುಬಿಡುತ್ತದೆ.

ಹುಡುಗ ಹೋದಮೇಲೆ, ಈ ಕಾಣದ ಲೈನು ಎಲ್ಲಿಂದ ಬಂತು ಎಂದು ಯೋಚಿಸುತ್ತ ಕುಳಿತೆ. ಅದರ ಚರಿತ್ರೆಯಲ್ಲಿ ಒಂದು ಪುಟ ನಮ್ಮ ಬೆಂಗಳೂರಿನದೇ. ಅದನ್ನು ನಾನು ಬಹುಕಾಲ ತಪ್ಪಾಗಿ ಓದಿಕೊಂಡಿದ್ದೆ.

ಮೊದಲ ಪುಟ ಹವಾಯಿ ದ್ವೀಪಗಳದು. ಅಲ್ಲಿನ ವಿಶ್ವವಿದ್ಯಾನಿಲಯದ ಕಂಪ್ಯೂಟರು ಒಂದು ದ್ವೀಪದಲ್ಲಿ, ಅದನ್ನು ಬಳಸಬೇಕಾದವರು ಬೇರೆ ದ್ವೀಪಗಳಲ್ಲಿ, ನಡುವೆ ಸಮುದ್ರ. 1971ರಲ್ಲಿ ನಾರ್ಮನ್ ಏಬ್ರಮ್‌ಸನ್ ಮತ್ತು ಅವರ ಸಂಗಡಿಗರು ರೇಡಿಯೋ ಮೂಲಕ ಈ ಅಂತರವನ್ನು ದಾಟಿದರು. ‘ಅಲೋಹಾನೆಟ್’ ಎಂಬುದು ಅದರ ಹೆಸರು. ಅವರು ಹಾಕಿಕೊಂಡ ನಿಯಮ ಬಹು ಸರಳ: ಹೇಳಬೇಕಾದುದನ್ನು ಸಣ್ಣ ಪೊಟ್ಟಣ ಕಟ್ಟಿ ಕಳುಹಿಸು, ತಲುಪಿತೆಂಬ ಉತ್ತರ ಬಾರದಿದ್ದರೆ, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆಯಿತೆಂದು ತಿಳಿ, ತುಸು ಹೊತ್ತು ಸುಮ್ಮನಿದ್ದು ಮತ್ತೆ ಕಳುಹಿಸು. ನಮ್ಮ ಸಭೆಗಳಿಗೂ ಒಪ್ಪುವ ನಿಯಮವಲ್ಲವೆ? ಗಾಳಿಯಲ್ಲಿ ಕಲಿತ ಈ ಪಾಠವನ್ನು 1973ರಲ್ಲಿ ಅಮೆರಿಕದ ರಾಬರ್ಟ್ ಮೆಟ್‌ಕಾಫ್ ತಂತಿಗೆ ಹೊಂದಿಸಿ ‘ಈಥರ್‌ನೆಟ್’ ರೂಪಿಸಿದರು. ಇಂದು ಕಚೇರಿಗಳೊಳಗೆ ಹರಿದಾಡುವ ತಂತಿ ಅದರ ಸಂತಾನವೇ. ತಂತಿ ಅಣ್ಣ, ನಿಸ್ತಂತು ತಮ್ಮ ಎಂದು ನಾವು ತಿಳಿದಿರುವುದು ಪೂರ್ಣ ನಿಜವಲ್ಲ.

ಇನ್ನು ನಮ್ಮೂರಿನ ಪುಟ. ರಾಜಾಜಿನಗರದಿಂದ ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಪೀಣ್ಯ. ಅಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಸ್ಥಳ ಸಾಲದೆ ಒಂದು ಶೌಚಾಲಯವನ್ನೇ ಮಾರ್ಪಡಿಸಿ ಮಾಹಿತಿ ಪಡೆಯುವ ಕೋಣೆ ಮಾಡಿಕೊಂಡಿದ್ದರಂತೆ.

ಅನಂತರ ಬಂದದ್ದು ‘ಆಪಲ್’. ಯುರೋಪಿನವರು ತಮ್ಮ ಏರಿಯಾನ್ ರಾಕೆಟ್ಟಿನ ಪರೀಕ್ಷಾ ಹಾರಾಟದಲ್ಲಿ ಸ್ಥಳ ಕೊಟ್ಟರು; ಆರ್. ಎಂ. ವಾಸಗಂ ಅವರ ನಿರ್ದೇಶನದಲ್ಲಿ ನಮ್ಮವರು ಶೆಡ್ಡುಗಳಲ್ಲೇ ದುಡಿದು ಸುಮಾರು 670 ಕಿಲೋ ತೂಕದ ಉಪಗ್ರಹವನ್ನು ಕಟ್ಟಿದರು. ಅದನ್ನು ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರವನ್ನು ಓದುಗರು ನೋಡಿರಬಹುದು. ‘ಪಾಪ, ಲಾರಿಗೂ ಗತಿಯಿರಲಿಲ್ಲ’ ಎಂದು ನಾನು ಆ ಚಿತ್ರ ಕಂಡಾಗಲೆಲ್ಲ ನಕ್ಕದ್ದುಂಟು. ನಿಜ ಬೇರೆ. ಆಂಟೆನಾದ ಪರೀಕ್ಷೆ ಬಯಲಿನಲ್ಲಿ ನಡೆಯಬೇಕಾಗಿತ್ತು. ಲಾರಿಯ ಲೋಹದ ಮೈಗೆ ತಗುಲಿದರೆ ಅಲೆಗಳು ಪ್ರತಿಫಲಿಸಿ ಅಳತೆ ಕೆಡುತ್ತದೆ. ಮರದ ಗಾಡಿಗೆ ಆ ದೋಷವಿಲ್ಲ. ಗಾಡಿ ಅಲ್ಲಿ ಬಡತನದ ಗುರುತಾಗಿ ನಿಂತಿರಲಿಲ್ಲ, ಪರೀಕ್ಷೆಯ ಉಪಕರಣವಾಗಿ ನಿಂತಿತ್ತು.

1981ರ ಜೂನ್ 19ರಂದು ಆಪಲ್ ಆಕಾಶಕ್ಕೇರಿತು. ಸೌರಫಲಕಗಳೆರಡರಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಅದು ಎರಡು ವರ್ಷಕ್ಕೂ ಮಿಕ್ಕಿ ದುಡಿಯಿತು. ಅದರ ಮೂಲಕ ನಡೆದದ್ದು ಟೆಲಿವಿಷನ್ ಪ್ರಸಾರದ ಪ್ರಯೋಗಗಳಷ್ಟೇ ಅಲ್ಲ. ದೂರದೂರದ ಕಂಪ್ಯೂಟರುಗಳನ್ನು ಕೂಡಿಸುವ, ಮಾಹಿತಿಯನ್ನು ಪೊಟ್ಟಣ ಕಟ್ಟಿ ಕಳುಹಿಸುವ ಪ್ರಯೋಗಗಳೂ ನಡೆದವು. ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲಕ್ಕೆ, ಮತ್ತೆ ಅಷ್ಟೇ ಕೆಳಕ್ಕೆ; ಹೋಗಿ ಇಳಿಯಲು ಕಾಲು ಸೆಕೆಂಡು. ನಮ್ಮ ಬೀದಿಯ ಐವತ್ತು ಹೆಜ್ಜೆಯ ಲೈನಿಗೂ ಇದಕ್ಕೂ ದೂರದಲ್ಲಿ ಭೇದವೇ ಹೊರತು ತತ್ತ್ವದಲ್ಲಿ ಹೆಚ್ಚು ಭೇದವಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ, ಮಿಲ್ಲರ್ಸ್ ರಸ್ತೆಯ ತನ್ನ ಕಚೇರಿಯನ್ನು ಉಪಗ್ರಹದ ಮೂಲಕ ಹೊರದೇಶದ ತನ್ನ ಕಂಪ್ಯೂಟರುಗಳೊಡನೆ ಬೆಸೆಯಿತು. ನಗರದ ಸಾಫ್ಟ್‌ವೇರ್ ಭಾಗ್ಯ ಹರಿದುಬಂದದ್ದು ಇಂಥ ದಾರಿಗಳಲ್ಲಿ. ಆದರೆ ಸಾಮಾನ್ಯರಿಗೆ ಆಕಾಶ ಇನ್ನೂ ತೆರೆದಿರಲಿಲ್ಲ. 1933ರ ವೈರ್‌ಲೆಸ್ ಕಾಯಿದೆಯಂತೆ ಇಂಥ ಯಂತ್ರವನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳುವುದೇ ತಪ್ಪಾಗಿತ್ತು. ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದುದನ್ನು ಹಿರಿಯರು ಮರೆತಿರಲಾರರು. 2005ರಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿಯ ಯಂತ್ರಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಮೇಲೆ, ಬೀದಿಯ ವ್ಯಾಪಾರಿಯೂ ತನ್ನ ತಾರಸಿಯಿಂದ ಎದುರು ತಾರಸಿಗೆ ಸೇತುವೆ ಹಾಕುವಂತಾಯಿತು.

ಹಳೆಯ ಚಿತ್ರಗಳನ್ನು ನೋಡಿ ನಗುವುದು ಸುಲಭ, ಹೆಮ್ಮೆಪಡುವುದೂ ಸುಲಭ. ಗಾಡಿ ಏಕೆ ಬೇಕಾಯಿತು ಎಂದು ಕೇಳುವುದಕ್ಕೆ ಮಾತ್ರ ನನಗೆ ಇಷ್ಟು ವರ್ಷ ಹಿಡಿಯಿತು. ಆ ಶೆಡ್ಡುಗಳಲ್ಲಿ ದುಡಿದವರು ಇದ್ದುದನ್ನೇ ಬಳಸಿದರು, ಆದರೆ ಲೆಕ್ಕ ಹಾಕಿ ಬಳಸಿದರು. ಅವರ ನೆನಪಿಗೆ ನಾವು ಸಲ್ಲಿಸಬೇಕಾದದ್ದು ಅಷ್ಟು ತಿಳಿವಳಿಕೆಯನ್ನಾದರೂ.

ಮಾರನೆಯ ದಿನ ಮರ ಹತ್ತುವವನನ್ನು ಕರೆಸಿ ಎರಡು ಗರಿ ಕಡಿಸಿದೆ. ಸಂಜೆ ಹುಡುಗ ಬಂದು, “ಲೈನು ಬಂತು ಸಾರ್” ಎಂದ. ನಾನು ತಲೆಯೆತ್ತಿ ನೋಡಿದೆ. ಏನೂ ಕಾಣಲಿಲ್ಲ; ಆದರೆ ಈ ಸಲ ನಗು ಬರಲಿಲ್ಲ.