ಮೂವತ್ತೈದರಲ್ಲೊಂದು ಪಾಲಿನ ಬೋಲ್ಟು

ಮಡಿಕೇರಿಯಲ್ಲಿ ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲಿ ಒಂದು ಟಿ-55 ಟ್ಯಾಂಕ್ ನಿಂತಿದೆ. ನೋಡಲು ಬಂದವರು ಫಿರಂಗಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಟ್ಯಾಂಕಿನ ಮಾದರಿ ಕಟ್ಟುವ ಹವ್ಯಾಸದವರ ಕಣ್ಣು ಹೋಗುವುದು ಬೇರೆ ಕಡೆಗೆ. ಚಕ್ರಗಳ ಮೇಲಿನ ಫೆಂಡರ್ ತಗಡು ಎಷ್ಟು ದಪ್ಪ, ಅದನ್ನು ಹಿಡಿದಿರುವ ಬೋಲ್ಟುಗಳ ನಡುವೆ ಎಷ್ಟು ಅಂತರ, ಸಾಮಾನು ಪೆಟ್ಟಿಗೆಯ ಮುಚ್ಚಳಕ್ಕೆ ಎಂಥ ಕೊಂಡಿ, ಬೆಸುಗೆಯ ಗೆರೆ ನುಣುಪೋ ಒರಟೋ.

ಈ ನೋಟದ ಹಿಂದೆ ಸರಳವಾದ ಲೆಕ್ಕವಿದೆ. ಟ್ಯಾಂಕ್ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1/35. ಸುಮಾರು ಆರೂವರೆ ಮೀಟರ್ ಉದ್ದದ ಟಿ-55ರ ಒಡಲು ಈ ಅಳತೆಯಲ್ಲಿ ಹದಿನೆಂಟು ಸೆಂಟಿಮೀಟರಿಗೆ ಇಳಿಯುತ್ತದೆ. ಎರಡು ಸೆಂಟಿಮೀಟರ್ ಅಗಲದ ಬೋಲ್ಟಿನ ತಲೆ ಅರ್ಧ ಮಿಲಿಮೀಟರಿಗಿಂತ ಚೂರು ದೊಡ್ಡದು, ಅಷ್ಟೆ. ಅಂಥ ಬೋಲ್ಟಿಗೂ ಆರು ಮೂಲೆ ಇರಬೇಕೆಂಬ ಹಟದಿಂದಲೇ ಈ ಕಲೆ ಅರವತ್ತು ವರ್ಷಗಳಲ್ಲಿ ಆಟಿಕೆಯ ಹಂತ ದಾಟಿ ಬಂದಿದೆ.

ಶುರುವಿನಲ್ಲಿ ಈ ಹಟ ಇರಲಿಲ್ಲ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1961ರಲ್ಲಿ ಪ್ಯಾಂಥರ್, ಶರ್ಮನ್, ಚರ್ಚಿಲ್ ಟ್ಯಾಂಕುಗಳ ಪ್ಲಾಸ್ಟಿಕ್ ಕಿಟ್ ತಂದಿತು. ಅವು ಅಂಗೈಯಲ್ಲಿ ಕೂರುವಷ್ಟು ಚಿಕ್ಕವು, ಅಳತೆ 1/76. ಸುಮಾರು ಅದೇ ಹೊತ್ತಿಗೆ ಜಪಾನಿನ ಶಿಜುವೊಕಾದಲ್ಲಿ, ಮರ ಕೊಯ್ಯುವ ಕಾರ್ಖಾನೆಯಿಂದ ಮರದ ಮಾದರಿಗಳಿಗೆ, ಅಲ್ಲಿಂದ ಪ್ಲಾಸ್ಟಿಕ್ಕಿಗೆ ಬಂದಿದ್ದ ಟ್ಯಾಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಕಿಟ್ ಸಿದ್ಧಪಡಿಸಿತು. ಅದು ಮೋಟಾರಿನಿಂದ ಓಡಬೇಕಿತ್ತು. ಮೋಟಾರು, ಗೇರು, ಎರಡು ಬ್ಯಾಟರಿ ಒಳಗೆ ಹಿಡಿಯುವಂತೆ ಒಡಲಿನ ಅಗಲ ಗೊತ್ತುಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸರಿಸುಮಾರು 1/35 ಆಗಿತ್ತು. ಕಂಪನಿಯ ಮುಖ್ಯಸ್ಥರಾಗಿದ್ದ ಶುನ್‌ಸಾಕು ಟ್ಯಾಮಿಯಾ ತಮ್ಮ ನೆನಪುಗಳಲ್ಲಿ ಹೇಳಿಕೊಂಡ ವಿಷಯ ಇದು. ಕಿಟ್ ಚೆನ್ನಾಗಿ ಮಾರಾಟವಾಯಿತು, ಅಳತೆ ಹಾಗೇ ಉಳಿಯಿತು, ಬೇರೆ ಕಂಪನಿಗಳೂ ಅದನ್ನೇ ಹಿಡಿದವು. 2025ರ ಜುಲೈಯಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಎಷ್ಟೋ ಮೇಜುಗಳ ಮೇಲೆ ಅವರು ಗೊತ್ತುಮಾಡಿದ ಅಳತೆಯ ಟ್ಯಾಂಕುಗಳು ಅರ್ಧ ಕಟ್ಟಿದ ಸ್ಥಿತಿಯಲ್ಲಿ ಇದ್ದಿರಬೇಕು.

ಆ ಕಾಲದ ಕಿಟ್ಟುಗಳ ತಳದಲ್ಲಿ ಸ್ವಿಚ್ಚಿಗೂ ಬ್ಯಾಟರಿಗೂ ಬಿಟ್ಟ ಕಂಡಿಗಳಿರುತ್ತಿದ್ದವು. ಓಡಿಸುವ ಆಸೆ ಹಿಂದೆ ಸರಿದು ನೋಡುವ ಆಸೆ ಮುಂದೆ ಬಂದಾಗ ಮಾದರಿಗಾರರು ಮಾಡಿದ ಮೊದಲ ಕೆಲಸವೇ ಆ ಕಂಡಿಗಳನ್ನು ಪುಟ್ಟಿ ತುಂಬಿ ಮುಚ್ಚುವುದು. ಅಮೆರಿಕದ ಶೆಪರ್ಡ್ ಪೇನ್ 1970ರ ದಶಕದಲ್ಲಿ ಮಾನೊಗ್ರಾಂ ಕಿಟ್ಟುಗಳ ಜೊತೆ ಬರುತ್ತಿದ್ದ ಹಾಳೆಗಳಲ್ಲಿ, ಆಮೇಲೆ 1980ರ ತಮ್ಮ ಪುಸ್ತಕದಲ್ಲಿ, ಟ್ಯಾಂಕನ್ನು ಮಣ್ಣು, ಗೋಡೆ, ಮನುಷ್ಯರ ನಡುವೆ ಇಟ್ಟು ಕಥೆ ಹೇಳುವುದನ್ನು ಕಲಿಸಿದರು. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡನ್ ಬಣ್ಣದ ಕೆಲಸಕ್ಕೆ ಹೊಸ ದಾರಿ ತೋರಿಸಿದರು: ತೆಳು ಬಣ್ಣವನ್ನು ಸಂದುಗಳಿಗೆ ಇಳಿಸುವುದು, ಒಣ ಕುಂಚದಿಂದ ಅಂಚುಗಳನ್ನು ಎತ್ತಿ ತೋರಿಸುವುದು.

ಅಂಗಡಿಯಲ್ಲಿ ಬಿಡಿಭಾಗ ಸಿಗದ ಆ ದಿನಗಳಲ್ಲಿ ಹುಟ್ಟಿದ ಕೈಚಳಕಗಳಲ್ಲಿ ಒಂದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇವತ್ತಿಗೂ ಅದಕ್ಕೆ ಸಾಟಿಯಿಲ್ಲ. ಕಿಟ್ಟಿನ ಭಾಗಗಳನ್ನೆಲ್ಲ ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯ ತುಂಡೊಂದನ್ನು ಮೇಣದಬತ್ತಿಯ ಉರಿಯ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಮೈ ಹೊಳೆಯತೊಡಗಿ ನಡು ಬಾಗಿದೊಡನೆ ಉರಿಯಿಂದ ಈಚೆಗೆ ತಂದು ಎರಡೂ ತುದಿ ಹಿಡಿದು ಎಳೆಯಬೇಕು. ನಿಧಾನ ಎಳೆದರೆ ದಾರದಷ್ಟು, ಸರಕ್ಕನೆ ಎಳೆದರೆ ಕೂದಲಿನಷ್ಟು ತೆಳ್ಳನೆಯ ಎಳೆ ಬರುತ್ತದೆ. ನೇರವಾಗಿ ನಿಲ್ಲಿಸಿದರೆ ಅದು ವೈರ್‌ಲೆಸ್ಸಿನ ಆಂಟೆನಾ. ಎರಡು ಉಕ್ಕಿನ ಹಲಗೆ ಕೂಡುವ ಮೂಲೆಯಲ್ಲಿ ಮಲಗಿಸಿ, ನೀರಿನಂಥ ಅಂಟು ಸವರಿ, ಮೆತ್ತಗಾಗುವವರೆಗೆ ಕಾದು ಬ್ಲೇಡಿನ ತುದಿಯಿಂದ ಒತ್ತೊತ್ತಾಗಿ ಒತ್ತಿದರೆ ಬೆಸುಗೆಯ ಗೆರೆ. ಎಂ-ಸೀಲನ್ನು ಎಳೆಯಾಗಿ ಹೊಸೆದೂ ಇದನ್ನು ಮಾಡಬಹುದು, ಆದರೆ ಪ್ಲಾಸ್ಟಿಕ್ ಎಳೆ ಮೈಯೊಳಗೆ ಬೆರೆತುಹೋಗುವ ಚಂದವೇ ಬೇರೆ.

ಪ್ಲಾಸ್ಟಿಕ್ಕಿಗೆ ಒಂದು ಮಿತಿಯಿದೆ. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿಯಬೇಕಾದರೆ ಗೋಡೆಗೆ ಒಂದಿಷ್ಟು ದಪ್ಪ ಬೇಕೇ ಬೇಕು. ಕಿಟ್ಟಿನ ಫೆಂಡರ್ 0.8 ಮಿಲಿಮೀಟರ್ ದಪ್ಪವಿದ್ದರೆ ನಿಜದ ಟ್ಯಾಂಕಿನಲ್ಲಿ ಅದು 28 ಮಿಲಿಮೀಟರ್ ಆಗುತ್ತದೆ. ಅದು ಫೆಂಡರ್ ಅಲ್ಲ, ಕವಚ. ಎಷ್ಟೇ ಒಳ್ಳೆಯ ಬಣ್ಣ ಬಳಿದರೂ ನೋಡುವವರಿಗೆ ಏನೋ ಆಟಿಕೆಯಂತೆ ಕಾಣುವುದಕ್ಕೆ ಕಾರಣ ಈ ದಪ್ಪ. 0.15 ಮಿಲಿಮೀಟರಿನ ಹಿತ್ತಾಳೆ ತಗಡು ಹಾಕಿದರೆ ಲೆಕ್ಕ ಐದು ಮಿಲಿಮೀಟರಿಗೆ ಬಂದು ನಿಲ್ಲುತ್ತದೆ, ಕಣ್ಣು ನಂಬುತ್ತದೆ.

ಆಸಿಡ್‌ನಿಂದ ಕೊರೆದ ಹಿತ್ತಾಳೆ ಭಾಗಗಳು ಈ ಕ್ಷೇತ್ರವನ್ನು ಬದಲಿಸಿದ್ದು ಹಾಗೆ. ಬೆಳಕಿಗೆ ಗಟ್ಟಿಯಾಗುವ ಲೇಪವನ್ನು ತಗಡಿಗೆ ಬಳಿದು, ನಕ್ಷೆಯ ಫಿಲ್ಮ್ ಇಟ್ಟು ಬೆಳಕು ಹಾಯಿಸಿ, ಉಳಿಯಬಾರದ ಜಾಗವನ್ನು ಫೆರಿಕ್ ಕ್ಲೋರೈಡ್‌ನಲ್ಲಿ ತಿನ್ನಿಸುತ್ತಾರೆ. ಎಸ್.ಪಿ. ರಸ್ತೆಯಲ್ಲಿ ಫೆರಿಕ್ ಕ್ಲೋರೈಡ್ ಕೊಂಡು ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಮಾಡಿದ ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಕೆಲಸ ಹೊಸದೇನಲ್ಲ. ಜೆಕ್ ದೇಶದ ಎಡುವಾರ್ಡ್, ಪೋಲೆಂಡಿನ ಆಬೆರ್ ಇದನ್ನೇ ದೊಡ್ಡ ಉದ್ಯಮವಾಗಿ ಬೆಳೆಸಿದವು. ಗುದ್ದಲಿ, ಕೊಡಲಿ, ಹಾರೆಗಳನ್ನು ಟ್ಯಾಂಕಿನ ಮೈಗೆ ಕಚ್ಚಿ ಹಿಡಿಯುವ ಕೊಂಡಿಯನ್ನೇ ನೋಡಿ. ಹಳೆಯ ಕಿಟ್ಟಿನಲ್ಲಿ ಅದು ಒಂದು ಉಬ್ಬು. ಹಿತ್ತಾಳೆಯಲ್ಲಿ ಅದಕ್ಕೆ ಅಡಿಪಟ್ಟಿ, ಬಳೆ, ಹಿಡಿ, ಬೀಗದ ನಾಲಗೆ ಎಂದು ನಾಲ್ಕೈದು ತುಂಡು. ಒಂದೊಂದನ್ನೂ ಚಿಮಟದಲ್ಲಿ ಹಿಡಿದು, ಬ್ಲೇಡಿನ ಆಸರೆಯಲ್ಲಿ ಮಡಿಸಿ, ಸೂಜಿಯ ಮೊನೆಯಲ್ಲಿ ಫೆವಿಕ್ವಿಕ್ ಮುಟ್ಟಿಸಿ ಕೂರಿಸಬೇಕು. ಚಿಮಟದಿಂದ ಚಿಮ್ಮಿದ ತುಂಡು ಮತ್ತೆ ಸಿಗುವುದು ಅಪರೂಪ.

ಉಳಿದ ಬೆಳವಣಿಗೆಯನ್ನು ಬೇಗ ಹೇಳಿ ಮುಗಿಸಬಹುದು. ಎರಡು ಹೋಳಾಗಿ ಬರುತ್ತಿದ್ದ ಫಿರಂಗಿ ನಳಿಗೆಯ ಬದಲು ಲೇತ್‌ನಲ್ಲಿ ಕಡೆದ ಲೋಹದ ನಳಿಗೆಗಳು ಬಂದವು. ಹಂಗೆರಿಯ ಫ್ರಿಯುಲ್ ಕೊಂಡಿ ಕೊಂಡಿಯಾಗಿ ಪೋಣಿಸುವ ಲೋಹದ ಟ್ರ್ಯಾಕುಗಳನ್ನು ಕೊಟ್ಟಿತು, ಅವು ತಮ್ಮ ಭಾರಕ್ಕೆ ತಾವೇ ಜೋಲುತ್ತವೆ. 1987ರಲ್ಲಿ ಹುಟ್ಟಿದ ಹಾಂಕಾಂಗಿನ ಡ್ರ್ಯಾಗನ್ ಕಂಪನಿ ಪಕ್ಕದಿಂದಲೂ ಜಾರುವ ಅಚ್ಚುಗಳನ್ನು ಬಳಸಿ ಕಿಟ್ಟಿನಲ್ಲೇ ಬಾಯಿ ತೆರೆದ ನಳಿಗೆ ಕೊಟ್ಟಿತು. ಉಕ್ರೇನಿನ ಮಿನಿಆರ್ಟ್ ಟಿ-54, ಟಿ-55ಗಳನ್ನು ಎಂಜಿನ್, ಗುಂಡುಗಳ ಅರೆ, ಚಾಲಕನ ಪೆಡಲ್ ಸಹಿತ ಸಾವಿರಕ್ಕೂ ಹೆಚ್ಚು ತುಂಡುಗಳಲ್ಲಿ ತಂದಿತು. ಇಷ್ಟು ತುಂಡುಗಳು ಬೇಕೇ ಎಂದು ಕೇಳಿದರೆ ನನ್ನ ಉತ್ತರ ಬೇಡ ಎಂದೇ. ಮುಚ್ಚಿದ ಟರೆಟ್ಟಿನ, ಎಂದರೆ ಫಿರಂಗಿ ಹೊತ್ತು ತಿರುಗುವ ಗೋಪುರದ, ಒಳಗಿನ ನೂರು ತುಂಡುಗಳಿಗಿಂತ ಸರಿಯಾದ ದಪ್ಪದ ಒಂದು ಫೆಂಡರ್, ಸರಿಯಾಗಿ ಜೋಲುವ ಒಂದು ಟ್ರ್ಯಾಕ್ ಹೆಚ್ಚು ನಿಜ ಹೇಳುತ್ತವೆ. ಈಚೆಗೆ ಬಂದ ರೆಸಿನ್ 3ಡಿ ಪ್ರಿಂಟರ್ ಮಾತ್ರ ಪೂರ್ತಿ ಬೇರೆ ಶಕ್ತಿ. ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದಷ್ಟು ತೆಳು ಪದರ ಹಾಕುವ ಅದು ಆರು ಮೂಲೆಯ ಬೋಲ್ಟಿನ ತಲೆಗಳನ್ನು ಸಾಲುಸಾಲಾಗಿ ಕೊಡುತ್ತದೆ, ಅದೂ ದೊಡ್ಡ ಕಾರ್ಖಾನೆಯ ಹಂಗಿಲ್ಲದೆ.

ಈ ಕೊನೆಯ ಮಾತು ನಮಗೆ ಮುಖ್ಯ. ಜರ್ಮನಿಯ ಟೈಗರ್ ಟ್ಯಾಂಕನ್ನು ಕಂಪನಿಗಳು ಮತ್ತೆ ಮತ್ತೆ ಕಿಟ್ ಮಾಡಿವೆ. ಟ್ಯಾಮಿಯಾದ ಪಟ್ಟಿಯಲ್ಲಿ ವಿಜಯಂತ ಇಲ್ಲ. 1965ರಿಂದ ಆವಡಿಯ ಕಾರ್ಖಾನೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ, ನಮ್ಮ ಸೇನೆಯ ಬೆನ್ನೆಲುಬಾಗಿದ್ದ ಟ್ಯಾಂಕ್ ಅದು. ಇದು ಸಾಲದೆಂಬಂತೆ ಆಮದಿನ ತೊಡಕು. ಮೊದಲಿಗೆ ಪರವಾನಗಿಯ ಕಾಲ, ಕಿಟ್ ಬೇಕಾದರೆ ವಿದೇಶದಿಂದ ಬರುವ ನೆಂಟರ ಸೂಟ್‌ಕೇಸನ್ನೇ ನೆಚ್ಚಬೇಕಿತ್ತು. ಗ್ರಾಹಕ ವಸ್ತುಗಳ ಮೇಲಿದ್ದ ಪ್ರಮಾಣ ನಿರ್ಬಂಧ ಪೂರ್ತಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಆಮೇಲೆ ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾದರಿಗಳೂ ಆಟಿಕೆಯ ಸಾಲಿನಲ್ಲೇ ಇವೆ. ನಮ್ಮಲ್ಲಿ ಈ ಹವ್ಯಾಸದ ಬೆಳವಣಿಗೆ ಕುಂಟಿದ್ದಕ್ಕೆ ಆಸಕ್ತಿಯ ಕೊರತೆಗಿಂತ ಈ ತೊಡಕೂ ಸುಂಕವೂ ಏರಿಸಿದ ಬೆಲೆಯೇ ಹೆಚ್ಚು ಕಾರಣ ಎಂದು ನನಗನಿಸುತ್ತದೆ.

ಕಟ್ಟುವುದಕ್ಕೆ ಕಥೆಗಳಂತೂ ಬೇಕಾದಷ್ಟಿವೆ. 1948ರ ನವೆಂಬರ್ 1ರಂದು ತಿಮ್ಮಯ್ಯನವರ ನೇತೃತ್ವದಲ್ಲಿ ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು 11,500 ಅಡಿಗೂ ಮೇಲಿನ ಜೋಜಿ ಲಾ ಕಣಿವೆಗೆ ನುಗ್ಗಿದವು. ಸೇತುವೆಗಳು ಭಾರ ತಾಳಲಿ, ಶತ್ರುವಿಗೆ ಸುಳಿವು ಸಿಗದಿರಲಿ ಎಂದು ಟರೆಟ್ ಕಳಚಿ ಅವುಗಳನ್ನು ಸಾಗಿಸಲಾಗಿತ್ತು. ಹೇಸರಗತ್ತೆಯ ಹಾದಿಯನ್ನು ಟ್ಯಾಂಕ್ ಹತ್ತುವಂತೆ ಮಾಡಿದವರು ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್. ಸ್ಟುವರ್ಟ್ ಕಿಟ್ ಟ್ಯಾಮಿಯಾದಿಂದ 1970ರ ದಶಕದಲ್ಲೇ ಬಂದಿತ್ತು. ಮಾದರಿ ಹದಿಮೂರು ಸೆಂಟಿಮೀಟರ್ ಆಸುಪಾಸಿನದು. ಟರೆಟ್ ತೆಗೆದಿಟ್ಟ ಸ್ಥಿತಿಯಲ್ಲಿ ತೋರಿಸಬೇಕಾದರೆ ಟರೆಟ್ ಕೂರುವ ಬಳೆ, ಅದರ ಹಲ್ಲುಗಳು, ಒಡಲ ಒಳಗೋಡೆ, ಮೇಲೆ ಹೊದಿಸಿದ ಟಾರ್ಪಾಲಿನ್, ಅದನ್ನು ಬಿಗಿದ ಹಗ್ಗ ಎಲ್ಲವನ್ನೂ ಕೈಯಾರೆ ಮಾಡಬೇಕು. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಅರುಣ್ ಖೇತ್ರಪಾಲ್ ಇಪ್ಪತ್ತೊಂದರ ವಯಸ್ಸಿನಲ್ಲಿ ಪ್ರಾಣಕೊಟ್ಟ ಸೆಂಚೂರಿಯನ್ ‘ಫಾಮಗುಸ್ಟಾ’ ಇನ್ನೊಂದು. ಗರೀಬ್‌ಪುರದಲ್ಲಿ ಕಾದಿದ, ನೀರಿನಲ್ಲಿ ಈಜಬಲ್ಲ ಪಿಟಿ-76 ಮತ್ತೊಂದು, ಅದಕ್ಕೆ ಚೀನಾದ ಟ್ರಂಪೆಟರ್ ಕಿಟ್ ಇದೆ.

ಉತ್ತರ ಬೆಂಗಳೂರಿನಲ್ಲಿ ಕುಳಿತು ಇದನ್ನು ಬರೆಯುವಾಗ ಒಂದು ವಿಷಯ ಎದ್ದು ಕಾಣುತ್ತದೆ. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿದೆ, ಪಕ್ಕದಲ್ಲೇ ಜಕ್ಕೂರಿನ ಹಾರಾಟ ಶಾಲೆ. ಇಲ್ಲಿ ತಲೆ ಎತ್ತಿ ಬೆಳೆದ ಮಕ್ಕಳು ವಿಮಾನದ ಮಾದರಿಯ ಕಡೆ ವಾಲುವುದು ಸಹಜ. ಆದರೆ ಟ್ಯಾಂಕಿನ ಮಾದರಿಗೆ ಬೇಕಾದ ಕೈಗಾರಿಕೆ ಬೇರೂರಿರುವುದೂ ಇಲ್ಲಿಯೇ. ಯಶವಂತಪುರ ದಾಟಿದರೆ ಜಾಲಹಳ್ಳಿ. 1953ರಲ್ಲಿ ಹುಟ್ಟಿದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಕೈಗಡಿಯಾರ ಕಟ್ಟಲು ತೊಡಗಿದ ಜಾಗ. ಗಡಿಯಾರ ರಿಪೇರಿಯವರ ಮೇಜಿನ ಸಾಮಾನು, ಎಂದರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಮೊನಚು ಚಿಮಟ, ಬೆರಳಲ್ಲಿ ತಿರುಗಿಸುವ ಡ್ರಿಲ್, ಸೂಜಿಯಂಥ ಅರಗಳು, ಇವೇ ಮಾದರಿಗಾರರ ಮೇಜಿಗೂ ಬೇಕಾದವು. ಆಚೆ ಪೀಣ್ಯದಲ್ಲಿ ಗಲ್ಲಿಗೊಂದು ಲೇತ್ ತಿರುಗುತ್ತಿದೆ, ಸಿಎನ್‌ಸಿ ಯಂತ್ರಗಳಿವೆ. 3ಡಿ ಪ್ರಿಂಟ್ ಮಾಡಿಕೊಡುವವರೂ ನಗರದಲ್ಲಿದ್ದಾರೆ. ವಿಜಯಂತದ ಕಿಟ್ಟಿಗಾಗಿ ಶಿಜುವೊಕಾದ ಕಡೆ ನೋಡುತ್ತಾ ಕೂರಬೇಕಿಲ್ಲ.

ಎಲ್ಲಿಂದ ತೊಡಗಬೇಕು ಎಂದರೆ ನಾನು ನಳಿಗೆಯಿಂದ ಎನ್ನುತ್ತೇನೆ. ಭಾರತದ ಟಿ-55ಗಳಲ್ಲಿ ಅನೇಕವುಗಳಿಗೆ ಸೋವಿಯತ್ ಮೂಲದ 100 ಮಿಲಿಮೀಟರ್ ಫಿರಂಗಿ ತೆಗೆದು ವಿಜಯಂತದಲ್ಲಿದ್ದ 105 ಮಿಲಿಮೀಟರಿನ ಎಲ್7 ಫಿರಂಗಿಯನ್ನೇ ಕೂರಿಸಲಾಯಿತು. ಗುರುತಿಸುವುದು ಸುಲಭ: ಹೊಗೆ ಹೊರಹಾಕುವ ಉಬ್ಬು ಮೂಲ ಟಿ-55ರಲ್ಲಿ ನಳಿಗೆಯ ಬಾಯಿಯ ಹತ್ತಿರವೇ ಇರುತ್ತದೆ, ಎಲ್7ನಲ್ಲಿ ಹಿಂದಕ್ಕೆ ಸರಿದು ನಡುಭಾಗಕ್ಕೆ ಬರುತ್ತದೆ. ಪೆಟ್ಟಿಗೆಯಲ್ಲಿ ಬಂದಂತೆ ಕಟ್ಟಿದ ಟಿ-55 ಹಾಗಾಗಿ ನಮ್ಮದಾಗುವುದಿಲ್ಲ. 105ನ್ನು 35ರಿಂದ ಭಾಗಿಸಿದರೆ ಸರಿಯಾಗಿ 3. ಮೂರು ಮಿಲಿಮೀಟರ್ ರಂಧ್ರದ ಒಂದು ಹಿತ್ತಾಳೆ ನಳಿಗೆ ಕಡೆಯುವುದು ಪೀಣ್ಯದ ಯಾವ ಟರ್ನರಿಗೂ ಕಷ್ಟವಲ್ಲ. ಉಬ್ಬು ನಳಿಗೆಯ ಸುತ್ತ ಸಮನಾಗಿ ಇರದೆ ಒಂದು ಕಡೆಗೆ ವಾಲಿರುವುದರಿಂದ ಅದನ್ನು ಬೇರೆಯಾಗಿ ಮಾಡಿ ತೂರಿಸಬೇಕು. ಒಮ್ಮೆ ನಕ್ಷೆ ಸಿದ್ಧವಾದರೆ ಅದೇ ನಳಿಗೆ ಟಿ-55ಕ್ಕೂ ಆಗುತ್ತದೆ, ವಿಜಯಂತಕ್ಕೂ ಆಗುತ್ತದೆ.