ಐತಿಹಾಸಿಕ ರೂಪಕಗಳ ಚಿತ್ರೀಕರಣ ಕ್ಷೇತ್ರಗಳು

ಗತಕಾಲದ ಅರಸರನ್ನೂ ಯುದ್ಧಗಳನ್ನೂ ಜನಜೀವನವನ್ನೂ ವಸ್ತುವಾಗಿ ಉಳ್ಳ ಚಲನಚಿತ್ರ ಹಾಗೂ ದೂರದರ್ಶನ ಧಾರಾವಾಹಿಗಳಿಗೆ ಹೊರಾಂಗಣ ದೃಶ್ಯಗಳನ್ನು ಒದಗಿಸುವ ಊರು, ಕೋಟೆ, ಬೆಟ್ಟ, ಸರೋವರ ಮೊದಲಾದ ಎಡೆಗಳು. ಘಟನೆ ನಡೆದ ನೆಲದಲ್ಲಿಯೇ ಅದರ ಚಿತ್ರವನ್ನೂ ತೆಗೆದಿರಬೇಕೆಂದು ಪ್ರೇಕ್ಷಕನು ಸಹಜವಾಗಿ ಭಾವಿಸುವನಾದರೂ ವಸ್ತುತಃ ಹಾಗಾಗುವುದು ವಿರಳ. ರೂಪಕಕ್ಕೆ ಬೇಕಾದುದು ಹೊಸದಾಗಿ ಕಟ್ಟಿ ನಿಲ್ಲಿಸಿದಂತೆ ತೋರುವ ಅರಮನೆ. ಚರಿತ್ರೆ ಉಳಿಸಿಕೊಟ್ಟಿರುವುದು ಅದರ ಅಡಿಪಾಯ ಮಾತ್ರ. ಆದ್ದರಿಂದ ಇತಿಹಾಸದ ಸ್ಥಳವೊಂದು, ಚಿತ್ರದ ಸ್ಥಳ ಮತ್ತೊಂದು ಎಂಬ ಸ್ಥಿತಿ ಪ್ರಪಂಚದಾದ್ಯಂತ ಕಂಡುಬರುತ್ತದೆ.

ಮಧ್ಯಯುಗದ ಆದಿಭಾಗದಲ್ಲಿ ಸ್ಕ್ಯಾಂಡಿನೇವಿಯದಿಂದ ಹೊರಟು ಯೂರೋಪಿನ ಕರಾವಳಿಗಳನ್ನು ನಡುಗಿಸಿದ ನಾವಿಕಯೋಧರ ಕಥೆಯನ್ನು ಹೇಳುವ 'ವೈಕಿಂಗ್ಸ್' (2013–2020) ಎಂಬ, ಮೈಕೇಲ್ ಹರ್ಸ್ಟ್ ರಚಿಸಿದ ಧಾರಾವಾಹಿಯ ಬಹುಭಾಗ ಚಿತ್ರಿತವಾದದ್ದು ಐರ್ಲೆಂಡಿನಲ್ಲಿ. ಅಲ್ಲಿಯ ವಿಕ್ಲೋ ಪ್ರಾಂತದ ಆಷ್‌ಫರ್ಡ್ ಸ್ಟುಡಿಯೋ, ಪರ್ವತಗಳ ನಡುವಿನ ಲಾಖ್ ಟೇ ಎಂಬ ಕಪ್ಪುನೀರಿನ ಸರೋವರ, ಪಶ್ಚಿಮ ತೀರದ ಕಿಲರಿ ಎಂಬ ಕಿರಿದಾದ ಕೊಲ್ಲಿ ಇವು ನಾರ್ವೆಯ ಜಲಮಾರ್ಗಗಳ ಪಾತ್ರವನ್ನು ವಹಿಸಿದವು.

ಹುಬ್ಬಳ್ಳಿ-ಧಾರವಾಡದ ಜನರಿಗೆ ತೀರ ಸಮೀಪದ ನಿದರ್ಶನವೆಂದರೆ ಕಿತ್ತೂರು. ಧಾರವಾಡದಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ದೂರದಲ್ಲಿರುವ ಈ ಊರಿನಲ್ಲಿ 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೇನೆಯೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಠ್ಯಾಕರೆ ಹತನಾದನು; ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. ಈ ಇತಿವೃತ್ತವನ್ನು ಬಿ. ಆರ್. ಪಂತುಲು ಅವರು ಬಿ. ಸರೋಜಾದೇವಿಯವರನ್ನು ರಾಣಿಯ ಪಾತ್ರದಲ್ಲಿರಿಸಿ 1961ರಲ್ಲಿ ತೆರೆಗೆ ತಂದಾಗ ಕನ್ನಡ ಚಿತ್ರೋದ್ಯಮದ ಬಹುಭಾಗ ಮದರಾಸಿನ ಸ್ಟುಡಿಯೋಗಳನ್ನೇ ಆಶ್ರಯಿಸಿಕೊಂಡಿತ್ತು. ಕಿತ್ತೂರಿನಲ್ಲಿ ಇಂದು ಕಾಣುವುದು ಮಾಳಿಗೆ ಕಳೆದುಕೊಂಡ ಗೋಡೆಗಳು, ಸ್ನಾನಗೃಹದ ತೊಟ್ಟಿಗಳು, ನೀರು ಹರಿದುಬರುತ್ತಿದ್ದ ಕಾಲುವೆಗಳ ಗುರುತು, ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಕೊರೆದ ರಂಧ್ರ. ಕಿತ್ತೂರಿನ ಪತನವನ್ನು ಈ ಅವಶೇಷಗಳಷ್ಟು ಸತ್ಯವಾಗಿ ಯಾವ ಚಿತ್ರವೂ ಹೇಳಲಾರದು. ಆದರೆ ಚೆನ್ನಮ್ಮನ ಒಡ್ಡೋಲಗವನ್ನು ಅವುಗಳ ನಡುವೆ ನಡೆಸಲು ಬಾರದು.

ಗುಡಿ-ಗುಹೆಗಳು ಅಖಂಡವಾಗಿ ಉಳಿದಿರುವ ಕಡೆ ಅಡ್ಡಬರುವುದು ನಿಯಮ; ಅದು ಇರಬೇಕಾದ ನಿಯಮವೇ ಸರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರಗಳ ರಾಷ್ಟ್ರೀಯ ಸ್ಮಾರಕಗಳೂ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಮನೆಗಳ ನಡುವೆ ನಿಂತಿರುವ ಚಂದ್ರಮೌಳೇಶ್ವರ ದೇವಾಲಯವೂ ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯದ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮವನ್ನು ಅನುಸರಿಸಿ 1959ರಲ್ಲಿ ರಚಿತವಾದ ನಿಯಮಗಳ ಪ್ರಕಾರ ಇಂಥಲ್ಲಿ ಕಥಾಚಿತ್ರ ತೆಗೆಯಲು ಪರವಾನಗಿ ಬೇಕು. ಪರವಾನಗಿ ದೊರೆತರೂ ಚಾವಣಿಯಿರುವ ಒಳಭಾಗದಲ್ಲಿ ಚಿತ್ರೀಕರಣ ನಡೆಸುವಂತಿಲ್ಲ, ಕಲ್ಲಿನ ಮೇಲೆ ನೀರನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚುವಂತಿಲ್ಲ, ವಿದ್ಯುದುತ್ಪಾದಕ ಯಂತ್ರವನ್ನು ಸ್ಮಾರಕದಿಂದ ದೂರದಲ್ಲಿ ಇರಿಸತಕ್ಕದ್ದು, ದರ್ಶನಕ್ಕೆ ಬಂದವರ ಓಡಾಟಕ್ಕೆ ಅಡ್ಡಿ ಮಾಡತಕ್ಕದ್ದಲ್ಲ. ಕ್ರಿ. ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯ ಕಂಬಗಳ ನಡುವೆ ಚಾಲುಕ್ಯ ಮಂಗಳೇಶನ ಪಾತ್ರಧಾರಿಯನ್ನು ನಡೆಯಿಸಬೇಕೆಂಬ ನಿರ್ದೇಶಕನು, ಈ ಕಾರಣದಿಂದ, ಅಗಸ್ತ್ಯತೀರ್ಥವನ್ನೂ ಕೆಂಬಂಡೆಗಳನ್ನೂ ಹೊರಗಿನಿಂದ ಸೆರೆಹಿಡಿದು ಗುಹೆಯ ಒಳಾಂಗಣವನ್ನು ಸ್ಟುಡಿಯೋದಲ್ಲಿ ಕಟ್ಟಿಸಿಕೊಳ್ಳಬೇಕಾಗುತ್ತದೆ.

ಕರ್ನಾಟಕದ ಬಂಡೆಗಳು ಪರಸ್ಥಳದ ಕಥೆಗಳಿಗೂ ಒದಗಿವೆ. ಇ. ಎಂ. ಫಾರ್ಸ್ಟರನ ಕಾದಂಬರಿಯನ್ನು ಆಧರಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರವನ್ನು ನಿರ್ದೇಶಿಸಿದ ಡೇವಿಡ್ ಲೀನ್, ಕಥೆಗೆ ಮೂಲವಾದ ಬಿಹಾರದ ಬರಾಬರ್ ಗುಹೆಗಳು ದೃಶ್ಯಕ್ಕೆ ಸಾಲವೆಂದು ಭಾವಿಸಿ ಸಾವನದುರ್ಗ ಹಾಗೂ ರಾಮದೇವರಬೆಟ್ಟಗಳನ್ನು ಆರಿಸಿಕೊಂಡನು. ಗುಹಾಮುಖಗಳನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಸಿತು. ತೆರೆಯ ಮೇಲಿನ ಒಂದು ಮಧ್ಯಾಹ್ನಕ್ಕಾಗಿ ಯುಗಯುಗಗಳ ಶಿಲೆಯನ್ನು ಹೀಗೆ ಗಾಯಗೊಳಿಸುವುದು ಯುಕ್ತವಲ್ಲ.

ಒಳಾಂಗಣವನ್ನು ಕೃತಕವಾಗಿ ಕಟ್ಟುವುದರ ಅಪಾಯವನ್ನು ಮೈಸೂರು ಕಂಡಿತು. ಶ್ರೀರಂಗಪಟ್ಟಣ ಅಷ್ಟು ಸಮೀಪದಲ್ಲಿದ್ದರೂ ಟಿಪ್ಪುವಿನ ಮುಖ್ಯ ಅರಮನೆಯೇ ಅಲ್ಲಿ ಉಳಿದಿರಲಿಲ್ಲ. ಭಗವಾನ್ ಗಿಡ್ವಾನಿಯವರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ನಿರ್ಮಿಸುತ್ತಿದ್ದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಗಾಗಿ ಪ್ರೀಮಿಯರ್ ಸ್ಟುಡಿಯೋದಲ್ಲಿ ಆಸ್ಥಾನದ ಸೆಟ್ ಏರಿಸಲಾಗಿತ್ತು. 1989ರ ಫೆಬ್ರವರಿ 8ರಂದು ಚಿತ್ರೀಕರಣ ನಡೆದಿರುವಾಗಲೇ ಹೊತ್ತಿಕೊಂಡ ಬೆಂಕಿ, ಗಾಳಿಗಂಡಿಗಳಿಲ್ಲದ ಆ ಕಟ್ಟಡದಲ್ಲಿ 60ಕ್ಕೂ ಮಿಕ್ಕಿದ ಪ್ರಾಣಗಳನ್ನು ಬಲಿ ತೆಗೆದುಕೊಂಡಿತು. ಬೆಂಕಿ ಆರಿಸಲು ಇದ್ದುದು ಮರಳು ಮತ್ತು ನೀರಿನ ಕೆಲವು ಬಕೆಟ್ಟುಗಳು ಮಾತ್ರ. ಖಾನ್ ತಾವೂ ತೀವ್ರವಾಗಿ ಸುಟ್ಟುಕೊಂಡು ದೀರ್ಘಕಾಲ ಆಸ್ಪತ್ರೆಯಲ್ಲಿದ್ದರು. ಧಾರಾವಾಹಿ 1990ರಲ್ಲಿ ಪ್ರಸಾರಗೊಂಡಿತು. ಚಿತ್ರೀಕರಣ ಕ್ಷೇತ್ರಗಳ ಯಾವ ವಿವರಣೆಯೂ ಈ ಮೃತರನ್ನು ನೆನೆಯದೆ ಪೂರ್ಣವಾಗದು.

ಸ್ಥಳಕ್ಕೂ ಕಥೆಗೂ ಕೂಡಿಬಂದ ಸೌಹಾರ್ದವನ್ನು ಆಗುಂಬೆಯಲ್ಲಿ ಕಾಣಬಹುದು. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. ಅಲ್ಲಿಯ ಕಥೆಗಳನ್ನು ದೂರದರ್ಶನ ಧಾರಾವಾಹಿಯಾಗಿಸಿದ ಶಂಕರ್ ನಾಗ್, ಬ್ರಿಟಿಷರ ಕಾಲದ ಆ ಸಣ್ಣ ಪಟ್ಟಣಕ್ಕೆ 1980ರ ದಶಕದ ನಡುವಿನಲ್ಲಿ ಮಲೆನಾಡಿನ ಈ ಊರಿನ ಬೀದಿಗಳನ್ನೂ ದೊಡ್ಡಮನೆಯ ಕಂಬದ ಜಗಲಿಯನ್ನೂ ಆರಿಸಿಕೊಂಡರು. ಕಲಾನಿರ್ದೇಶಕ ಜಾನ್ ದೇವರಾಜ್ ಅಂಗಡಿಗಳ ಮುಖಗಳನ್ನು ಹಳಗಾಲಕ್ಕೆ ತಿರುಗಿಸಿದರು. ಕಥೆಯ ಬಾಲಕ ಸ್ವಾಮಿಯ ತಂದೆಯ ಪಾತ್ರವನ್ನು ಧಾರವಾಡದ ಮಣ್ಣಿನಲ್ಲಿ ಬೆಳೆದ ಗಿರೀಶ ಕಾರ್ನಾಡರು ವಹಿಸಿದರು. ಊರೇ ಪಾತ್ರವಾಗಿ ನಿಂತ ಇಂಥ ಚಿತ್ರಣ ನಮ್ಮ ದೂರದರ್ಶನದ ಚರಿತ್ರೆಯಲ್ಲಿ ಅಪೂರ್ವ. ರೈಲಿನ ದೃಶ್ಯಗಳಿಗೆ ಒದಗಿದ್ದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ. ಮುಂದೆ ಪಾಳುಬಿದ್ದಿದ್ದ ಆ ಹಳೆಯ ನಿಲ್ದಾಣದ ಕಟ್ಟಡವನ್ನು, ಹುಬ್ಬಳ್ಳಿಯಲ್ಲಿ ಕೇಂದ್ರಕಚೇರಿಯುಳ್ಳ ನೈರುತ್ಯ ರೈಲ್ವೆಯು ಜಾನ್ ದೇವರಾಜ್ ಅವರ ನೆರವಿನಿಂದಲೇ ಜೀರ್ಣೋದ್ಧಾರ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಸಾರ್ವಜನಿಕರಿಗೆ ತೆರೆಯಿತು.